ಉತ್ತರ ಪತ್ರಿಕೆಯಲ್ಲಿ ಬರೆದ ಕಾದಂಬರಿ

ಉತ್ತರ ಪತ್ರಿಕೆ ಎಂದರೆ ನಮ್ಮಂಥ ಟೀಚರಮ್ಮಂದಿರಿಗೆ ಕೆಂಪು ಶಾಯಿ, ಬೆನ್ನುನೋವು, ಆರಿಹೋದ ಕಾಫಿ. ಕೆನಡಾದ ಮಾರ್ಗರೆಟ್ ಆಟ್‌ವುಡ್ ಅದರಲ್ಲಿ ಕಾದಂಬರಿ ಬರೆದರು. 1965ರಲ್ಲಿ ವ್ಯಾಂಕೂವರ್‌ನ ವಿಶ್ವವಿದ್ಯಾಲಯವೊಂದರಲ್ಲಿ ಬೆಳಿಗ್ಗೆ ಎಂಟೂವರೆಗೆ ಇಂಜಿನಿಯರಿಂಗ್ ಹುಡುಗರಿಗೆ ವ್ಯಾಕರಣ ಹೇಳಿಕೊಡುವ ಕೆಲಸ ಅವರದು. ಆಗ ಇಪ್ಪತ್ತೈದು ವಯಸ್ಸು. ಮಿಕ್ಕಿದ್ದ ಖಾಲಿ ಉತ್ತರ ಪತ್ರಿಕೆಗಳಲ್ಲಿ ‘ದಿ ಎಡಿಬಲ್ ವುಮನ್’ ಬರೆದರು. ಪ್ರಕಾಶಕರು ಹಸ್ತಪ್ರತಿಯನ್ನು ಎಲ್ಲೋ ಇಟ್ಟು ಮರೆತರಂತೆ. ಪುಸ್ತಕ ಹೊರಬಂದದ್ದು 1969ರಲ್ಲಿ.

ಮದುವೆ ಗೊತ್ತಾದ ಹುಡುಗಿಯೊಬ್ಬಳಿಗೆ ಊಟ ಸೇರದಂತಾಗುವುದು ಇದರ ಕಥೆ. ಮೊದಲು ಮಾಂಸ, ಆಮೇಲೆ ಮೊಟ್ಟೆ, ಕೊನೆಗೆ ತರಕಾರಿಯೂ ಗಂಟಲಲ್ಲಿ ಇಳಿಯುವುದಿಲ್ಲ. ತನ್ನನ್ನೇ ಯಾರೋ ತಿನ್ನುತ್ತಿದ್ದಾರೆ ಎಂಬ ಭಾವ. ಕಡೆಗೆ ಹೆಣ್ಣಿನ ಆಕಾರದ ಕೇಕು ಮಾಡಿ ಗಂಡಾಗುವವನ ಮುಂದಿಡುತ್ತಾಳೆ. ಅವನು ಹೆದರಿ ಹೊರಟುಹೋಗುತ್ತಾನೆ. ಇವಳಿಗೆ ಹಸಿವಾಗುತ್ತದೆ, ತಾನೇ ಕೂತು ತಿನ್ನತೊಡಗುತ್ತಾಳೆ! ಎಲ್ಲರಿಗೂ ಬಡಿಸಿ ಕೊನೆಗೆ ತಳ ಕೆರೆದು ಉಣ್ಣುವ ನಮಗೆ ಈ ಕೇಕಿನ ರುಚಿ ಬೇಗ ತಿಳಿಯುತ್ತದೆ.

1939ರಲ್ಲಿ ಒಟ್ಟಾವಾದಲ್ಲಿ ಹುಟ್ಟಿದ ಇವರ ತಂದೆ ಕಾಡಿನ ಕೀಟಗಳನ್ನು ಅಧ್ಯಯನ ಮಾಡುವ ವಿಜ್ಞಾನಿ. ಸಂಸಾರವೆಲ್ಲ ವರ್ಷದ ಬಹುಭಾಗ ಉತ್ತರ ಕ್ವಿಬೆಕ್‌ನ ಕಾಡಿನಲ್ಲಿ. ಹನ್ನೆರಡಾಗುವವರೆಗೆ ಮಗಳು ಒಂದು ಪೂರ್ತಿ ವರ್ಷ ಶಾಲೆಗೆ ಹೋದದ್ದಿಲ್ಲ. ಹಾಜರಿ ಪುಸ್ತಕ ಹಿಡಿದೇ ಆಯುಸ್ಸು ಕಳೆದ ನನಗೆ ಇದನ್ನು ಓದಿ ಕೊಂಚ ಇರುಸುಮುರುಸಾಯಿತು, ನಗುವೂ ಬಂತು. 1961ರಲ್ಲಿ ಮೊದಲ ಕವನಗಳ ಪುಟ್ಟ ಪುಸ್ತಕಕ್ಕೆ ಮೊಳೆ ಜೋಡಿಸಿದ್ದೂ ಆಕೆಯೇ. ಐದು ವರ್ಷದ ನಂತರದ ‘ದಿ ಸರ್ಕಲ್ ಗೇಮ್’ ಕವನ ಸಂಕಲನಕ್ಕೆ ಗವರ್ನರ್ ಜನರಲ್ ಪ್ರಶಸ್ತಿ ಬಂತು. ಅಲ್ಲಿಂದ ಮುಂದೆ ಪ್ರಶಸ್ತಿಗಳು ಬರುತ್ತಲೇ ಹೋದವು. ಬೂಕರ್ ಎರಡು ಸಲ, 2000ದಲ್ಲಿ ಮತ್ತು 2019ರಲ್ಲಿ.

ನನ್ನನ್ನು ನಿದ್ದೆಗೆಡಿಸಿದ್ದು ಮಾತ್ರ 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’. ಗೋಡೆ ಇನ್ನೂ ನಿಂತಿದ್ದ ಪಶ್ಚಿಮ ಬರ್ಲಿನ್‌ನಲ್ಲಿ, 1984ರಲ್ಲಿ, ಬಾಡಿಗೆ ಟೈಪ್‌ರೈಟರಿನಲ್ಲಿ ಶುರು ಮಾಡಿದ್ದು. ಆ ಕಥೆಯ ರಾಜ್ಯದಲ್ಲಿ ಹೆಂಗಸರು ಓದಬಾರದು. ಅಂಗಡಿಯ ಬೋರ್ಡಿನಲ್ಲಿ ಅಕ್ಷರ ಅಳಿಸಿ ಚಿತ್ರ ಬರೆದಿರುತ್ತಾರೆ. ಓದಿ ಮೂರನೇ ಸಲ ಸಿಕ್ಕಿಬಿದ್ದರೆ ಕೈ ಕತ್ತರಿಸುತ್ತಾರೆ. ಚರಿತ್ರೆಯಲ್ಲಿ ಎಲ್ಲಿಯಾದರೂ ನಡೆಯದೇ ಇದ್ದ ಯಾವುದನ್ನೂ ಇದರಲ್ಲಿ ಸೇರಿಸಿಲ್ಲ ಎಂದು ಲೇಖಕಿ ಹೇಳುತ್ತಾರೆ.

ನನಗೆ ಚರಿತ್ರೆ ಹುಡುಕಲು ದೂರ ಹೋಗಬೇಕಿರಲಿಲ್ಲ. ಹೆಣ್ಣು ಅಕ್ಷರ ಕಲಿತರೆ ಗಂಡನ ಆಯುಸ್ಸಿಗೆ ಕೇಡು ಎಂದು ನಮ್ಮಜ್ಜಿಯ ಕಾಲದಲ್ಲಿ ಮನೆಮನೆಯಲ್ಲೂ ಹೇಳುತ್ತಿದ್ದರು. ಅಜ್ಜಿ ಒಲೆಯ ಮುಂದಿನ ಬೂದಿಯಲ್ಲಿ ತಮ್ಮನ ಪಾಠ ನೋಡಿ ತಿದ್ದಿ, ಹೆಜ್ಜೆ ಸದ್ದಾದೊಡನೆ ಅಂಗೈಯಿಂದ ಒರೆಸುತ್ತಿದ್ದಳಂತೆ. ಅದೆಲ್ಲ ಹಳೆಯ ಮಾತು ಎನ್ನೋಣವೆ? ಒಂಬತ್ತನೇ ತರಗತಿಯಲ್ಲಿ ನನ್ನೆದುರೇ ಕೂರುತ್ತಿದ್ದ ಒಬ್ಬಳು ಬೇಸಿಗೆ ರಜೆಯ ನಂತರ ಬರಲಿಲ್ಲ. ವಿಚಾರಿಸಲು ಹೋದೆ. ಬಾಗಿಲಲ್ಲಿ ಹಸಿರು ಚಪ್ಪರ ಇನ್ನೂ ಬಾಡಿರಲಿಲ್ಲ. ಹುಡುಗಿ ಒಳಗಿಂದ ಕಾಫಿ ತಂದಿಟ್ಟಳು. ಅವಳ ಕಣ್ಣು ನನ್ನ ಚೀಲದೊಳಗಿನ ಪುಸ್ತಕದ ಮೇಲಿತ್ತು. ಬಿಟ್ಟುಬಂದೆ.

2019ರಲ್ಲಿ ಸಂಗಾತಿ ಗ್ರೇಮ್ ಗಿಬ್ಸನ್ ತೀರಿಕೊಂಡರು. ಮರುವರ್ಷ ಬಂದದ್ದು ಕವನ ಸಂಕಲನ, ‘ಡಿಯರ್ಲಿ’. ಕಾದಂಬರಿಗಾರ್ತಿ ದುಃಖದಲ್ಲಿ ಮೊದಲಿನ ತವರಿಗೇ ಹೋದಂತೆ ನನಗೆ ಕಂಡಿತು. ಸುಮ್ಮನೆ ಕೂತವರಂತೂ ಅಲ್ಲ. ಅಮೆರಿಕದ ಶಾಲೆಗಳಲ್ಲಿ ಅವರ ಪುಸ್ತಕಗಳನ್ನು ಕಪಾಟಿನಿಂದ ತೆಗೆಸುತ್ತಿದ್ದ ಕಾಲಕ್ಕೆ, 2022ರಲ್ಲಿ, ಬೆಂಕಿ ತಗುಲದ ಹಾಳೆಯಲ್ಲಿ ‘ಹ್ಯಾಂಡ್‌ಮೇಡ್ಸ್ ಟೇಲ್’ನ ಒಂದೇ ಒಂದು ಪ್ರತಿ ಮಾಡಿಸಿದರು. ಎಂಬತ್ತೆರಡರ ಆ ಅಜ್ಜಿ ಕೈಗೆ ದಪ್ಪ ಗವುಸು ತೊಟ್ಟು, ಬೆಂಕಿ ಉಗುಳುವ ಯಂತ್ರ ಹಿಡಿದು, ತನ್ನ ಪುಸ್ತಕಕ್ಕೆ ತಾನೇ ಜ್ವಾಲೆ ಹಾಯಿಸಿದರು. ಸುಡಲಿಲ್ಲ. ಹರಾಜಿನಲ್ಲಿ 1,30,000 ಡಾಲರಿಗೆ ಹೋಯಿತು.