ಎರಡು ಕಾರ್ಡು ಜೊತೆಯಾದಾಗ

ಯುದ್ಧ, ಸೆರೆ, ಸೆರೆಯಾಳಿನ ರಕ್ಷಣೆ: ನಾನು ಪಾಠ ಹೇಳುವುದೂ ಸಂಶೋಧನೆ ಮಾಡುವುದೂ ಇದರಲ್ಲೇ. 'ದಿನಾ ಅದನ್ನೇ ಓದಿದರೆ ಮನಸ್ಸಿಗೆ ಭಾರ ಆಗಲ್ವಾ?' ಎಂದು ಬಂಧುಗಳು ಕೇಳುತ್ತಾರೆ. ಆಗುತ್ತದೆ. ಆದರೂ ರಾತ್ರಿ ಊಟ ಮುಗಿದ ಮೇಲೆ, ಯಾವ ಪ್ರಬಂಧದ ಗಡುವೂ ಇಲ್ಲದಿದ್ದರೂ, ನಾನು ಮತ್ತೆ ಜಿನೀವಾದ ಕಾರ್ಡುಗಳನ್ನು ತೆರೆದು ಕೂರುತ್ತೇನೆ. ಅದರಷ್ಟು ಇಷ್ಟದ ಕೆಲಸ ನನಗೆ ಇನ್ನೊಂದಿಲ್ಲ.

1914ರ ಆಗಸ್ಟಿನಲ್ಲಿ, ಮಹಾಯುದ್ಧ ಶುರುವಾದ ಕೆಲವೇ ವಾರಗಳಲ್ಲಿ, ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಅಲ್ಲಿ ಯುದ್ಧಕೈದಿಗಳ ಏಜೆನ್ಸಿ ತೆರೆಯಿತು. ಚಿತ್ರಗಳನ್ನು ತೂಗುಹಾಕಲು ಕಟ್ಟಿದ್ದ ರಾಥ್ ಮ್ಯೂಸಿಯಂ ತುಂಬ ಕಾಗದ. ಕೆಲಸಕ್ಕೆ ಬಂದ ಸ್ವಯಂಸೇವಕರಲ್ಲಿ ಹೆಚ್ಚಿನವರು ಹೆಂಗಸರು. ರಾಮಕೃಷ್ಣರ ಜೀವನ ಬರೆದನಲ್ಲ, ಆ ರೊಮಾ ರೋಲಾ ಕೂಡ ತಿಂಗಳುಗಟ್ಟಲೆ ಅಲ್ಲಿ ಕೂತು ಕೆಲಸ ಮಾಡಿದ.

ಯುದ್ಧಕ್ಕಿಳಿದ ಸರ್ಕಾರಗಳು ತಾವು ಹಿಡಿದವರ ಪಟ್ಟಿ ಕಳಿಸುತ್ತಿದ್ದವು. ಪಟ್ಟಿಯ ಒಂದೊಂದು ಹೆಸರಿಗೂ ಒಂದು ಕಾರ್ಡು. ಮಗನ ಸುದ್ದಿಯೇ ಇಲ್ಲವೆಂದು ಬಂದ ಮನೆಯವರ ಪತ್ರಕ್ಕೂ ಒಂದು ಕಾರ್ಡು. ಎರಡೂ ಅಕಾರಾದಿಯ ಒಂದೇ ಸಾಲಿಗೆ ಸೇರುತ್ತಿದ್ದವು. ಒಂದು ದಿನ, ಹುಡುಕುತ್ತಿರುವವರ ಕಾರ್ಡಿನ ಪಕ್ಕಕ್ಕೇ ಸಿಕ್ಕವನ ಕಾರ್ಡು ಬಂದು ನಿಲ್ಲುತ್ತದೆ. ಜೋಡಿಸುತ್ತಿದ್ದಾಕೆ ಅದನ್ನು ಕಂಡು ಮನೆಗೆ ಉತ್ತರ ಹಾಕಿಸುತ್ತಾಳೆ. ಹೀಗೆ ಬೆಳೆದ ಲಕ್ಷಗಟ್ಟಲೆ ಕಾರ್ಡುಗಳು ಈಗ ಅಂತರ್ಜಾಲದಲ್ಲಿವೆ. ಮೇಲೆ ಹೆಸರು, ರೆಜಿಮೆಂಟು. ಕೆಳಗೆ ಯಾವ ಪಟ್ಟಿ, ಯಾವ ಪುಟ ಎಂದು ತಿಳಿಸುವ ಅಂಕಿ. ಅದನ್ನು ಹಿಡಿದು ಪಟ್ಟಿಗೆ ಹೋಗಿ, ಅಲ್ಲಿ ಅದೇ ಮನುಷ್ಯ ಸಿಕ್ಕಾಗ ಆಗುವ ಸಂತೋಷ ನೂರು ವರ್ಷ ತಡವಾದದ್ದು, ಆದರೂ ನಿಜವಾದದ್ದು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೂ ಸೋವಿಯತ್ ಒಕ್ಕೂಟಕ್ಕೂ ನಡುವೆ ಈ ಪಟ್ಟಿಗಳ ವ್ಯವಹಾರ ಹೆಚ್ಚುಕಡಿಮೆ ನಡೆಯಲೇ ಇಲ್ಲ. ಜರ್ಮನರ ಕೈಯಲ್ಲಿ ಸತ್ತ ಸೋವಿಯತ್ ಕೈದಿಗಳು 30 ಲಕ್ಷದಷ್ಟು. ಕಾರ್ಡೊಂದೇ ಅವರನ್ನು ಉಳಿಸುತ್ತಿತ್ತೆಂದು ನಾನು ಹೇಳಲಾರೆ. ಹಸಿವಿನಿಂದ ಕೊಂದದ್ದು ಒಂದು ನೀತಿ. ಆದರೆ ಹೆಸರು ಹೊರಗೆ ಹೋಗದ ಶಿಬಿರದಲ್ಲಿ ಅಂಥ ನೀತಿಗೆ ಅಡ್ಡಿ ಕಡಿಮೆ.

1949ರ ಮೂರನೇ ಜಿನೀವಾ ಒಪ್ಪಂದ ಬರೆದವರ ಕಣ್ಣ ಮುಂದೆ ಇದೆಲ್ಲ ಇತ್ತು. ಸೆರೆಯಾದವನು ಶಿಬಿರ ತಲುಪಿದ ಒಂದು ವಾರದೊಳಗೆ ಮನೆಗೊಂದು, ಜಿನೀವಾಕ್ಕೊಂದು ಕಾರ್ಡು ಬರೆಯಲು ಬಿಡಬೇಕು ಎನ್ನುತ್ತದೆ 70ನೇ ವಿಧಿ. ಕಾರ್ಡಿನ ಅಳತೆಯನ್ನೂ ಅನುಬಂಧದಲ್ಲಿ ಕೊಟ್ಟಿದ್ದಾರೆ: 15 ಸೆಂಟಿಮೀಟರ್ ಉದ್ದ, 10.5 ಅಗಲ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಮನೆಯವರ ವಿಳಾಸ. ಆಮೇಲೆ ಒಂದೇ ಸಾಲಿನಲ್ಲಿ: ಆರೋಗ್ಯವಾಗಿದ್ದೇನೆ, ಗಾಯವಾಗಿಲ್ಲ, ಗುಣವಾಗಿದ್ದೇನೆ, ಚೇತರಿಸಿಕೊಳ್ಳುತ್ತಿದ್ದೇನೆ, ಕಾಯಿಲೆಯಾಗಿದೆ, ಸಣ್ಣ ಗಾಯ, ದೊಡ್ಡ ಗಾಯ. ತನಗೆ ಹೊಂದದ್ದನ್ನು ಹೊಡೆದು ಹಾಕಬೇಕು; ಬೇರೇನೂ ಬರೆಯುವಂತಿಲ್ಲ. ಕಾನೂನಿನ ಪುಸ್ತಕಗಳಲ್ಲಿ ಇದಕ್ಕಿಂತ ಮನುಷ್ಯರ ಹತ್ತಿರವಿರುವ ಪುಟವನ್ನು ನಾನು ಓದಿಲ್ಲ. ಒಪ್ಪಂದ ಬರೆಯಲು ಕೂತವರು ತಾಯಿಯೊಬ್ಬಳು ಮೊದಲು ಏನು ಕೇಳುತ್ತಾಳೆಂದು ಯೋಚಿಸಿದ್ದಾರೆ.

ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಕೊಡುವುದು ಈ ನಮೂನೆಯನ್ನೇ. ಈ ವರ್ಷ ಒಬ್ಬ ಹುಡುಗ ಅದನ್ನು ನೋಡಿ, 'ದೊಡ್ಡ ಗಾಯವಾಗಿದ್ರೂ ಅವನು ಸಣ್ಣ ಗಾಯ ಅಂತಲೇ ಉಳಿಸಿರ್ತಾನೆ ಮೇಡಂ, ಅಮ್ಮ ಓದ್ತಾಳಲ್ಲ' ಅಂದ. ಹಿಂದಿನ ಬೆಂಚಿನ ಹುಡುಗಿ ಒಪ್ಪಲಿಲ್ಲ: ನಿಜ ಬರೆದರೆ ತಾನೇ ರೆಡ್ ಕ್ರಾಸಿನವರು ಅವನಿಗೆ ಡಾಕ್ಟರನ್ನು ಕೇಳಲು ಸಾಧ್ಯ? ಅಲ್ಲಿಂದ ಮುಂದಿನ ವಿಧಿಗೆ ಹೋಗಲು ಆಗಲೇ ಇಲ್ಲ, ಗಂಟೆ ಮುಗಿಯುವವರೆಗೂ ಅದೊಂದು ಸಾಲಿನ ಮೇಲೇ ವಾದ ನಡೆಯಿತು.