ಮಟ್ಟೆಯ ಊರಿನಲ್ಲಿ ಮೊಟ್ಟೆಯಿಲ್ಲದ ಕೇಕು

ತಿಪಟೂರಿನ ಕೊಬ್ಬರಿಯ ಹೆಸರು ಕೇಳದ ಗೃಹಿಣಿ ನಮ್ಮ ನಾಡಿನಲ್ಲಿ ಇರಲಾರಳು. ಬಾಣಂತಿಯ ಅಂಟಿನುಂಡೆಗೆ, ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ, ಚಟ್ನಿಪುಡಿಗೆ, ಹುಳಿಪುಡಿಗೆ, ಎಲ್ಲಕ್ಕೂ ಕೊಬ್ಬರಿ ಬೇಕು. ಅಂಗಡಿಯವರು “ತಿಪಟೂರಿಂದು ತಾಯಿ” ಅಂದರೆ ಸಾಕು, ಎರಡನೆಯ ಮಾತಾಡದೆ ಚೀಲ ಒಡ್ಡುತ್ತೇವೆ. ಆ ಕೊಬ್ಬರಿಯ ಸೀಮೆಗೆ ಹೋಗಿ ನಾನು ತಿಂದು ಬಂದದ್ದು ಮಾತ್ರ ಬೇರೆಯೇ ಒಂದು ತಿಂಡಿ: ಚಾಕೊಲೇಟ್ ಕೇಕು! ಅದೂ ಮೊಟ್ಟೆ ಒಳಗೆ ಬಾರದ ಮನೆಯಲ್ಲಿ, ಓವನ್ ಇಲ್ಲದೆ, ಪುಸ್ತಕ ನೋಡಿಕೊಂಡು ಮಾಡಿದ್ದು.

ಬೆಂಗಳೂರಿನಿಂದ ರೈಲು ಹತ್ತಿದರೆ ತುಮಕೂರು, ಗುಬ್ಬಿ, ಬಾಣಸಂದ್ರ ದಾಟಿ ತಿಪಟೂರು. ಗುಬ್ಬಿ ಕಳೆಯುತ್ತಲೇ ಕಿಟಕಿಯ ಎರಡೂ ಬದಿಗೆ ತೆಂಗಿನ ತೋಟಗಳು ಜೊತೆಯಾಗುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳ ಬದುಕು ನಿಂತಿರುವುದೇ ಈ ಮರದ ಮೇಲೆ. ಅದಕ್ಕೇ ಇದು ಕಲ್ಪತರು ನಾಡು. ತಿಪಟೂರಿನಲ್ಲಿ ಇಳಿದು ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಹೊನ್ನವಳ್ಳಿ. ಈಗ ಹೋಬಳಿ ಕೇಂದ್ರ; ಹಿಂದೆ ಇದೇ ತಾಲ್ಲೂಕು ಕೇಂದ್ರವಾಗಿತ್ತು. ಊರ ದೇವತೆ ಸ್ವರ್ಣಾಂಬ. ಊರಿನ ಹೆಸರಿನಲ್ಲೂ ಹೊನ್ನು, ದೇವಿಯ ಹೆಸರಿನಲ್ಲೂ ಹೊನ್ನು! ಇಲ್ಲಿನ ‘ಗಂಗಾಪಾನಿ’ ಎಂಬ ತೆಂಗಿನ ಎಳನೀರಿನ ರುಚಿಯನ್ನು ಹಳೆಯ ಮೈಸೂರು ಗೆಜೆಟಿಯರು ಕೂಡ ಹೊಗಳಿದೆ.

ನಾನು ಹೋದದ್ದು ನಮ್ಮ ಚಿಕ್ಕಮ್ಮನ ಮಗಳನ್ನು ಕೊಟ್ಟ ಮನೆಗೆ. ತೋಟದ ಮನೆ. ಅಂಗಳದಲ್ಲಿ ತೆಂಗಿನಕಾಯಿಯ ರಾಶಿ, ಹಿತ್ತಲಲ್ಲಿ ಮಟ್ಟೆಯ ರಾಶಿ, ಒಳಗೆ ತಲೆಯ ಮೇಲೆ ಅಟ್ಟದ ತುಂಬ ಕಾಯಿ. ಉಂಡೆ ಕೊಬ್ಬರಿ ಆಗುವುದು ಈ ಅಟ್ಟದಲ್ಲೇ. ಚೆನ್ನಾಗಿ ಬಲಿತ ಕಾಯನ್ನು ಮಟ್ಟೆ ಸಮೇತ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದಲ್ಲಿ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸಬೇಕು. ಈ ನಾಜೂಕಿನ ಕೆಲಸದಲ್ಲಿ ಹೆಂಗಸರ ಕೈ ಬಲು ಚುರುಕು. ಒಂದು ವರ್ಷ ಕಾದು ತೆಗೆಯುವ ಫಸಲು. ತಾಳ್ಮೆ ಇಲ್ಲದವರಿಗೆ ಕೊಬ್ಬರಿ ವ್ಯವಹಾರ ಹಿಡಿಸುವುದಿಲ್ಲ.

ಮನೆಯ ಯಜಮಾನಿ ತಂಗಿಯ ಅತ್ತೆ. ಎಪ್ಪತ್ತು ದಾಟಿದೆ. ದಿನಾ ಪೂಜೆ ಮುಗಿಸದೆ ಒಲೆ ಹಚ್ಚುವವರಲ್ಲ. ಅವರ ಅಡಿಗೆಮನೆಗೆ ಮೊಟ್ಟೆ ಬಂದದ್ದೇ ಇಲ್ಲ. ಸೊಸೆ ಬಿ.ಎಸ್ಸಿ. ಓದಿದ ಹುಡುಗಿ; ಓದುವಾಗ ಕೊಂಡ ದಪ್ಪ ಅಡಿಗೆ ಪುಸ್ತಕವೊಂದನ್ನು ತವರಿಂದ ತಂದಿದ್ದಾಳೆ. ಅದರಲ್ಲಿ ಕೇಕುಗಳದೇ ಒಂದು ದೊಡ್ಡ ಅಧ್ಯಾಯ.

ಈಗ ಯಾವ ಊರಿನಲ್ಲಾದರೂ ಮಕ್ಕಳ ಹುಟ್ಟುಹಬ್ಬ ಅಂದರೆ ಕೇಕು ಇರಲೇಬೇಕು, ಅಲ್ಲವೇ? ಈ ಮನೆಯಲ್ಲೂ ಮೊಮ್ಮಗಳ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಪೇಟೆಯಿಂದ ಡಬ್ಬದಲ್ಲಿ ಕೇಕು ಬರುತ್ತಿತ್ತು. ಮಗು ಮೊದಲ ತುಂಡನ್ನು ಅಜ್ಜಿಯ ಬಾಯಿಗೇ ಹಿಡಿಯುತ್ತಿತ್ತು. ಅಜ್ಜಿ ಮುಖ ಪಕ್ಕಕ್ಕೆ ತಿರುಗಿಸಿ, “ನಂಗೆ ಬ್ಯಾಡ ಕಣ್ ಪುಟ್ಟಿ, ನೀನು ತಿನ್ನು” ಅನ್ನುತ್ತಿದ್ದರು. ಅದರಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಯಾರಿಗೆ ಗೊತ್ತು! ಆರನೆಯ ವರ್ಷ ಮಗು ಕೇಳಿಯೇಬಿಟ್ಟಿತಂತೆ: “ಅಜ್ಜಿಗೆ ನಾನಂದ್ರೆ ಇಷ್ಟ ಇಲ್ವಾ ಅಮ್ಮ?” ತಂಗಿ ಪುಸ್ತಕ ಕೆಳಗಿಳಿಸಿದ್ದು ಅಂದೇ.

ಪುಸ್ತಕ ಕೇಳುವುದೇನು? ನಾಲ್ಕು ಮೊಟ್ಟೆ, ಕಾಲು ಕಿಲೋ ಬೆಣ್ಣೆ, ನೂರ ಎಂಬತ್ತು ಡಿಗ್ರಿಗೆ ಕಾದ ಓವನ್. ಹೊನ್ನವಳ್ಳಿಯ ತೋಟದ ಮನೆಯಲ್ಲಿ ಮೊದಲನೆಯದು ಸಲ್ಲದು, ಎರಡನೆಯದು ದುಬಾರಿ, ಮೂರನೆಯದು ಇಲ್ಲ. ಹೆಚ್ಚಿನವರು ಇಲ್ಲಿಗೇ ಪುಸ್ತಕ ಮುಚ್ಚಿಡುತ್ತಾರೆ. ತಂಗಿ ಮಾಡಿದ ಉಪಾಯ ನಾವೆಲ್ಲ ಕಲಿಯಬೇಕಾದ್ದು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರತಿ ಸಾಮಾನಿನ ಎದುರಿಗೆ “ಇದರ ಕೆಲಸ ಏನು?” ಎಂದು ಬರೆದಳು.

“ನೋಡಕ್ಕ, ಮೊಟ್ಟೆಗೆ ಮೂರು ಕೆಲಸ. ಹಿಟ್ಟನ್ನ ಉಬ್ಬಿಸೋದು, ಹಿಡಿದಿಡೋದು, ಒಣಗದ ಹಾಗೆ ನೋಡ್ಕೊಳೋದು. ಈ ಮೂರು ಕೆಲಸ ಬೇರೆ ಯಾರಾದ್ರೂ ಮಾಡಿದ್ರೆ ಆಯ್ತಲ್ಲ?” ಎಂದಳು.

ಉಬ್ಬಿಸಲು ಸೋಡಾ ಮತ್ತು ನಿಂಬೆರಸ. ಎರಡೂ ಸೇರಿದೊಡನೆ ಇಂಗಾಲದ ಡೈಆಕ್ಸೈಡ್ ಅನಿಲ ನೊರೆನೊರೆಯಾಗಿ ಏಳುತ್ತದೆ. ಅದೇ ಹಿಟ್ಟಿನಲ್ಲಿ ಗುಳ್ಳೆಯಾಗಿ ಕೂತು ಕೇಕನ್ನು ಎತ್ತುತ್ತದೆ. ಹಿಡಿದಿಡಲು ಮೈದಾದ ಅಂಟೇ ಸಾಕು. ಮೆತ್ತಗಿಡಲು ಜಿಡ್ಡು ಬೇಕು. ಅದಕ್ಕೆ ತೆಂಗಿನ ಹಾಲು! 1998ರಿಂದೀಚೆಗೆ ನಮ್ಮ ಕಡೆಯ ತೆಂಗಿಗೆ ಹರಡಿದ ನುಸಿ ಪೀಡೆಯಿಂದ ಕಾಯಿ ಸಣ್ಣದಾಗಿಬಿಡುತ್ತದೆ. ಅಂಥ ಕಾಯಿಗೆ ಉಂಡೆಯ ಬೆಲೆ ಸಿಗುವುದಿಲ್ಲ. ಆ ಸಣ್ಣ ಕಾಯಿಗಳೇ ತಂಗಿಯ ಹಾಲಿನ ಪಾತ್ರೆಗೆ ಬಂದವು.

ಮೊಟ್ಟೆ ಇಲ್ಲದ ಕೇಕು ಎಂದರೆ ಏನೋ ಕಡಿಮೆಯದು ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧದ ಅಂಗಡಿಯವರಿದ್ದರು. ಅವರ ಹೆಂಡತಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಯೀಸ್ಟೂ ಒಗ್ಗುತ್ತಿರಲಿಲ್ಲ. ಆಕೆಗಾಗಿ ಅವರು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಬೇಕಿಂಗ್ ಪೌಡರನ್ನೂ ತಯಾರಿಸಿದರು. ಹೆಂಡತಿಯ ಊಟದ ಚಿಂತೆಯಿಂದ ಹುಟ್ಟಿದ ಪುಡಿ ಇಂದು ಲೋಕದ ಅಡಿಗೆಮನೆಗಳಲ್ಲೆಲ್ಲ ಇದೆ! ಎರಡನೆಯ ಮಹಾಯುದ್ಧದಲ್ಲಂತೂ ಬ್ರಿಟನ್ನಿನ ಗೃಹಿಣಿಗೆ 1941ರಿಂದ ಮೊಟ್ಟೆ ಪಡಿತರವಾಯಿತು, ತಲೆಗೆ ವಾರಕ್ಕೆ ಸುಮಾರು ಒಂದೇ ಒಂದು. ಆಗಲೂ ಅಲ್ಲಿನ ತಾಯಂದಿರು ಸೋಡಾ, ವಿನೆಗರು ಹಾಕಿ ಮಕ್ಕಳಿಗೆ ಕೇಕು ಮಾಡಿದರು. ನಮ್ಮ ಕಡೆಯೇ ನೋಡಿ: ಹಾಸನ ಸೀಮೆಯಿಂದ ಬೆಂಗಳೂರಿಗೆ ಹೋದ ಅಯ್ಯಂಗಾರರು ಮೊಟ್ಟೆ ಹಾಕದ ಬೇಕರಿ ತಿಂಡಿಗೇ ಹೆಸರಾದರು.

ಇನ್ನು ಓವನ್ನು. ಇಲ್ಲಿ ಸೊಸೆಯ ಪುಸ್ತಕ ನಿಂತಿತು, ಅತ್ತೆಯ ಅನುಭವ ಶುರುವಾಯಿತು. ಹಿಟ್ಟಿನ ಪಾತ್ರೆಗೆ ಮೇಲಿನಿಂದಲೂ ಕೆಳಗಿನಿಂದಲೂ ಸಮನಾದ ಶಾಖ ಬೇಕು ಎಂದು ಸೊಸೆ ಹೇಳಿದಾಗ ಅತ್ತೆ, “ಅದಕ್ಕ್ಯಾಕೆ ಇಷ್ಟ್ ಯೋಚ್ನೆ? ದಬರಿಗೆ ಮುಚ್ಚಳ ಮುಚ್ಚು, ಮುಚ್ಚಳದ್ ಮ್ಯಾಲೆ ಚಿಪ್ಪಿನ ಕೆಂಡ ಹಾಕು” ಎಂದರಂತೆ. ತೆಂಗಿನ ಚಿಪ್ಪಿನ ಕೆಂಡ ಹೊಗೆಯಾಡದೆ ಬಹಳ ಹೊತ್ತು ಒಂದೇ ಸಮ ಕಾಯುತ್ತದೆ. ಪುಸ್ತಕದ ನೂರ ಎಂಬತ್ತು ಡಿಗ್ರಿ ಅವರಿಗೆ ಗೊತ್ತಿಲ್ಲ. ಮುಚ್ಚಳದಿಂದ ಗೇಣು ದೂರದಲ್ಲಿ ಅಂಗೈ ಹಿಡಿದು, “ಇನ್ನೊಂದ್ ಹಿಡಿ ತಗಿ, ಸೀಯ್ತದೆ” ಅನ್ನುತ್ತಾರೆ, ಅಷ್ಟೇ.

ಈ ಉಪಾಯ ಕನ್ನಡಕ್ಕೆ ಹೊಸದೂ ಅಲ್ಲ. ಕ್ರಿ.ಶ. 1508ರ ಸುಮಾರಿನಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ ನಮ್ಮ ಭಾಷೆಯ ಅಡಿಗೆ ಪುಸ್ತಕ. ಕೆಳಗೂ ಮೇಲೂ ಕೆಂಡವಿಟ್ಟು ಮುಚ್ಚಿ ಬೇಯಿಸುವ ರೊಟ್ಟಿ ಅದರಲ್ಲಿದೆ. ಐನೂರು ವರ್ಷದ ಹಿಂದಿನ ಆ ಮಾತನ್ನು ನಾನು ಹೇಳಿದಾಗ ಅತ್ತೆಗೆ ಹೆಮ್ಮೆಯೋ ಹೆಮ್ಮೆ. “ಹಂಗಾದ್ರೆ ನಿಮ್ ಪುಸ್ತಕ್ದೋರ್ಗಿಂತ ನಾವೇ ಮುಂದು, ಅಲ್ವಾ?” ಎಂದು ನಕ್ಕರು.

ಚಾಕೊಲೇಟು ಮಾತ್ರ ಹೊರಗಿನದು ಅನ್ನುವಿರಾ? ಕೋಕೋ ಗಿಡ ದಕ್ಷಿಣ ಕನ್ನಡದಲ್ಲಿ ಅಡಿಕೆ, ತೆಂಗಿನ ತೋಟಗಳ ನೆರಳಲ್ಲೇ ಬೆಳೆಯುವಂಥದು. ಕಾಯಿಯೊಳಗಿನ ಬೀಜವನ್ನು ಕೆಲವು ದಿನ ಹುಳಿ ಬರಿಸಿ, ಒಣಗಿಸಿ, ಹುರಿದು, ಅರೆದು, ಬೆಣ್ಣೆಯಂಶ ಹಿಂಡಿದರೆ ಉಳಿಯುವುದೇ ಕೋಕೋ ಪುಡಿ. ಕೋಕೋ ಬೆಳೆದವರು ಬೆಲೆ ಕುಸಿದು ಕಂಗೆಟ್ಟಾಗ ರೈತರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಪುತ್ತೂರಿನ ಪುಡಿ, ಹೊನ್ನವಳ್ಳಿಯ ಕಾಯಿ! ಇದು ಪರದೇಶದ ತಿಂಡಿ ಹೇಗಾದೀತು?

ನಾನಿದ್ದ ದಿನ ಮಗುವಿಗೆ ಎಂಟು ತುಂಬಿತ್ತು. ಹಿತ್ತಲ ಒಲೆಯಿಂದ ಇಳಿಸಿದ ಕೇಕು ಬೇಕರಿಯದರಷ್ಟು ಎತ್ತರವಿರಲಿಲ್ಲ. ನಡುವೆ ಒಂದು ಸಣ್ಣ ಬಿರುಕು ಬೇರೆ. ಮೇಲೆ ಬಿಳೀ ಕೊಬ್ಬರಿ ತುರಿ ಉದುರಿಸಿದ್ದೇ ಅಲಂಕಾರ. ಮೊದಲ ತುಂಡನ್ನು ಅತ್ತೆ ದೇವರ ಮುಂದೆ ಇಟ್ಟು, ಆಮೇಲೆ ಮಗುವಿನ ಕೈಯಿಂದಲೇ ತಿಂದರು. ಪಕ್ಕದ ಮನೆಯಾಕೆ ಅನುಮಾನದಿಂದ, “ಮೊಟ್ಟೆ ಹಾಕಿಲ್ಲ ತಾನೇ?” ಎಂದಾಗ ಅತ್ತೆ ಹಿತ್ತಲ ಕಡೆ ಕೈ ತೋರಿಸಿ, “ನಮ್ಮನೇಲಿ ಮೊಟ್ಟೆ ಎಲ್ಲೈತೆ ಕಣವ್ವ? ಇರಾದೆಲ್ಲ ಮಟ್ಟೇನೇ!” ಎಂದರು. ಮನೆಯೆಲ್ಲ ನಗು. ಸೊಸೆ ಪುಸ್ತಕ ಓದುವುದನ್ನು “ಪರೀಕ್ಷೆ ಯಾವಾಗಮ್ಮ?” ಎಂದು ಹಾಸ್ಯ ಮಾಡುತ್ತಿದ್ದ ಯಜಮಾನರು ಎರಡನೆಯ ತುಂಡಿಗೆ ಕೈ ಒಡ್ಡಿದ್ದನ್ನು ನಾನೂ ನೋಡಿದೆ!

ಸೋದರಿಯರೇ, ಪುಸ್ತಕದಲ್ಲಿರುವ ಸಾಮಾನು ಮನೆಯಲ್ಲಿ ಇಲ್ಲವೆಂದು ನಿರಾಶರಾಗಬೇಡಿ. ಅದರ ಕೆಲಸವೇನೆಂದು ತಿಳಿದರೆ ನಿಮ್ಮ ಅಡಿಗೆಮನೆಯೇ ಉತ್ತರ ಕೊಡುತ್ತದೆ. ತಂಗಿ ಬರೆದುಕೊಟ್ಟ ಲೆಕ್ಕ ಇಲ್ಲಿದೆ.

ಹೊನ್ನವಳ್ಳಿ ಚಾಕೊಲೇಟ್ ಕೇಕು

ಬೇಕಾಗುವ ಸಾಮಗ್ರಿ (ಅಳತೆಗೆ ಕಾಲು ಲೀಟರು ಹಿಡಿಯುವ ಬಟ್ಟಲು):
ಮೈದಾ – 1½ ಬಟ್ಟಲು
ಸಕ್ಕರೆ ಪುಡಿ – 1 ಬಟ್ಟಲು
ಕೋಕೋ ಪುಡಿ – ¼ ಬಟ್ಟಲು
ಅಡಿಗೆ ಸೋಡಾ – 1 ಟೀ ಚಮಚ
ಉಪ್ಪು – ½ ಟೀ ಚಮಚ
ತೆಂಗಿನ ಹಾಲು – 1 ಬಟ್ಟಲು (ಮೊದಲ ಹಾಲು, ಎರಡನೆಯ ಹಾಲು ಸೇರಿಸಿ)
ವಾಸನೆಯಿಲ್ಲದ ಅಡಿಗೆ ಎಣ್ಣೆ – ¼ ಬಟ್ಟಲು
ನಿಂಬೆರಸ – 1 ದೊಡ್ಡ ಚಮಚ
ವೆನಿಲಾ ಎಸೆನ್ಸ್ – 1 ಟೀ ಚಮಚ
ಕೊಬ್ಬರಿ ತುರಿ – 2 ದೊಡ್ಡ ಚಮಚ

ಮಾಡುವ ಕ್ರಮ:
ಎಂಟು ಅಂಗುಲದ ಪಾತ್ರೆಗೆ ಎಣ್ಣೆ ಸವರಿ ಮೈದಾ ಉದುರಿಸಿಡಿ. ದಪ್ಪ ತಳದ ಹಳೆಯ ದಬರಿಯಲ್ಲಿ ತೊಳೆದು ಒಣಗಿಸಿದ ಮರಳು ಅಥವಾ ಉಪ್ಪನ್ನು ಒಂದು ಅಂಗುಲ ಹರಡಿ, ಅದರ ಮೇಲೆ ಸಿಂಬಿಯಂತೆ ಒಂದು ತಟ್ಟೆ ಬೋರಲು ಹಾಕಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಒಳ್ಳೆಯ ಪ್ರೆಷರ್ ಕುಕ್ಕರನ್ನು ನೀರಿಲ್ಲದೆ ಹೀಗೆ ಕಾಯಿಸುವುದು ಬೇಡ, ಹಾಳಾಗುತ್ತದೆ.

ಮೈದಾ, ಕೋಕೋ, ಸೋಡಾ, ಉಪ್ಪು ಎಲ್ಲವನ್ನೂ ಸೇರಿಸಿ ಎರಡು ಸಲ ಜರಡಿ ಹಿಡಿದು ಸಕ್ಕರೆ ಬೆರೆಸಿ. ತೆಂಗಿನ ಹಾಲು, ಎಣ್ಣೆ, ವೆನಿಲಾ ಹಾಕಿ ಗಂಟಿಲ್ಲದಂತೆ ಕಲಸಿ. ಕೊನೆಯಲ್ಲಿ ನಿಂಬೆರಸ ಹಾಕಿ ನಾಲ್ಕು ಸುತ್ತು ತಿರುಗಿಸಿ, ತಕ್ಷಣ ಪಾತ್ರೆಗೆ ಸುರಿದು ದಬರಿಯೊಳಗಿಡಿ. ತಡಮಾಡಿದರೆ ಅನಿಲವೆಲ್ಲ ಹಾರಿಹೋಗಿ ಕೇಕು ಹಲಗೆಯಂತಾಗುತ್ತದೆ. ಸಣ್ಣ ಉರಿಯಲ್ಲಿ ನಲವತ್ತರಿಂದ ಐವತ್ತು ನಿಮಿಷ ಬೇಯಿಸಿ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ತೊಳೆದ ತೆಂಗಿನ ಗರಿಯ ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ, ತುರಿ ಉದುರಿಸಿ.

ಮೇಲೆ ಕೆಂಡ ಹಾಕುವವರು ಹಿತ್ತಲಲ್ಲೋ ಅಂಗಳದಲ್ಲೋ ಮಾಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಅಪಾಯ. ತುರಿಯುವ ಮೊದಲು ಕೊಬ್ಬರಿಯನ್ನು ಮೂಸಿ ನೋಡಿ. ಕೌಟು ವಾಸನೆ ಬಂದದ್ದು ಬೇಡ. ತೆಂಗಿನ ಹಾಲು ಬೇಗ ಕೆಡುವುದರಿಂದ ಕೇಕನ್ನು ಎರಡು ದಿನದೊಳಗೆ ಮುಗಿಸಿ. ಹೊನ್ನವಳ್ಳಿಯಲ್ಲಿ ಅದು ಸಂಜೆಗೇ ಮುಗಿದಿತ್ತು!