ಲ್ಯಾಮಿಂಗ್ಟನ್ ರಸ್ತೆಯಿಂದ ಹಳೇ ಬಾಗಲಕೋಟೆಗೆ

ಮುಂಬಯಿಯಲ್ಲಿ ನೆಲಸಿದ ನಮ್ಮ ಕಡೆಯವರಿಗೆ ಬಾಗಲಕೋಟೆಯ ದಾರಿ ಸೊಲ್ಲಾಪುರದ ಮೇಲೆ ಹೋಗುವುದು. ಕಳೆದ ಚಳಿಗಾಲದ ಒಂದು ಶನಿವಾರ ನಾವು ಬೇರೊಂದು ದಾರಿ ಹಿಡಿದೆವು. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದೆವು. ಕೈಚೀಲದಲ್ಲಿ ಒಂದು ಹಳೆಯ ಕ್ಯಾಮ್‌ಕಾರ್ಡರು, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಆರು ಟೇಪುಗಳು. ಅವುಗಳೊಳಗೆ ನಮ್ಮೂರು ಇತ್ತು.

ಊರು ಟೇಪಿನೊಳಗೆ ಹೇಗೆ ಬಂತೆಂಬುದನ್ನು ಹೇಳಬೇಕು. ಬಾಗಲಕೋಟೆ ಘಟಪ್ರಭೆಯ ದಂಡೆಯ ಊರು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಾಯಿತು. ಹಿನ್ನೀರು ಊರಿನ ತಗ್ಗಿನ ಓಣಿಗಳನ್ನು ನುಂಗುವುದು ನಿಶ್ಚಯವಾಯಿತು. ಮುಳುಗುವ ಮನೆಗಳವರಿಗಾಗಿ ನವನಗರ ಎದ್ದಿತು. ಊರೆಲ್ಲ ಮುಳುಗಲಿಲ್ಲ, ಹಳೆಯ ಪೇಟೆ ಇಂದಿಗೂ ವ್ಯಾಪಾರ ನಡೆಸುತ್ತಿದೆ. ಮುಳುಗಿದವುಗಳಲ್ಲಿ ನಮ್ಮ ಅಜ್ಜಿಯ ಮನೆಯೊಂದು. 2001ರ ಹೋಳಿಗೆ ನಮ್ಮ ಸೋದರಮಾವ ಹೊಸದಾಗಿ ಕೊಂಡ ಕ್ಯಾಮರಾ ತಂದು, ಹಲಗೆಯ ಮೇಳವನ್ನೂ ಬಣ್ಣದ ಬಂಡಿಗಳನ್ನೂ ಹಿಡಿಯುತ್ತ, ಓಣಿಯಿಂದ ಓಣಿಗೆ ತಿರುಗಿದರು. ಆಗ ನಾವು ಶಾಲೆಯ ಹುಡುಗರು.

ಆಮೇಲೆ ಟೇಪುಗಳು ಕಬ್ಬಿಣದ ಕಪಾಟು ಸೇರಿದವು. ಕ್ಯಾಮರಾ ಕೆಟ್ಟಿತು. ಮುಂಬಯಿಯ ಮಳೆಗಾಲ ಎಂಥದೆಂದು ವಾಚಕರಿಗೆ ಹೇಳಬೇಕಾದುದಿಲ್ಲ. ಚಪ್ಪಲಿಗೆ ಬೂಷ್ಟು ಹಿಡಿಯುವ ಊರಲ್ಲಿ ಟೇಪಿಗೆ ಹಿಡಿಯದೆ ಇದ್ದೀತೆ?

ಲ್ಯಾಮಿಂಗ್ಟನ್ ರಸ್ತೆಗೆ ಆ ಹೆಸರು ಬಂದದ್ದು 1903ರಿಂದ 1907ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನಿಂದ. ಸರಕಾರಿ ಫಲಕದಲ್ಲಿ ಈಗ ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂದಿದೆ. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ ಚಿತ್ರ 1975ರಿಂದ ಐದು ವರ್ಷ ಓಡಿದ ಮಿನರ್ವಾ ಚಿತ್ರಮಂದಿರ ಇದ್ದುದು ಈ ರಸ್ತೆಯಲ್ಲಿಯೇ. ಇಂದಿನ ಲ್ಯಾಮಿಂಗ್ಟನ್ ರಸ್ತೆ ತಂತಿ, ಪಿನ್ನು, ಕಂಪ್ಯೂಟರಿನ ಬಿಡಿಭಾಗಗಳ ಸಂತೆ. ಆಳೆತ್ತರವೂ ಇಲ್ಲದ ಗೂಡಂಗಡಿಯಲ್ಲಿ ಕುಳಿತವನ ಹಿಂದೆ ಜಗತ್ತಿನ ಯಂತ್ರಗಳೆಲ್ಲ ಬಿಚ್ಚಿಕೊಂಡು ಬಿದ್ದಿರುತ್ತವೆ.

ಅಂಥ ಒಂದು ಅಂಗಡಿಯ ಮುದುಕಪ್ಪ ಟೇಪನ್ನು ಬೆಳಕಿಗೆ ಹಿಡಿದು ನೋಡಿದ. ಐದು ಚೊಕ್ಕಟವಾಗಿದ್ದವು, ಆರನೆಯದರ ಅಂಚಿನಲ್ಲಿ ಬಿಳಿಯ ಬೂಷ್ಟು. “ಇದನ್ನು ಸುಮ್ಮನೆ ತಿರುಗಿಸಬೇಡಿ. ಬೂಷ್ಟು ಯಂತ್ರದ ಹೆಡ್ಡಿಗೆ ಮೆತ್ತಿ ಉಳಿದವನ್ನೂ ಕೆಡಿಸುತ್ತದೆ” ಎಂದು ಅದನ್ನು ಬೇರೆ ಇಟ್ಟುಕೊಂಡ. ಕ್ಯಾಮರಾದ ಹೆಡ್ಡು ಒರೆಸಿ ರಿಪೇರಿ ಮಾಡಿಕೊಟ್ಟ. ಬೇಕಾದದ್ದು ಇನ್ನೆರಡು: ಫೈರ್‌ವೈರ್ ಎಂಬ ತಂತಿ, ಅದನ್ನು ಚುಚ್ಚಲು ಕಂಪ್ಯೂಟರಿನೊಳಗೆ ಕೂರಿಸುವ ಒಂದು ಕಾರ್ಡು. ಈಗಿನ ಕಂಪ್ಯೂಟರುಗಳಿಗೆ ಆ ಕಿಂಡಿ ಬರುವುದಿಲ್ಲ. ಕ್ಯಾಮರಾಕ್ಕೆ ಯುಎಸ್‌ಬಿ ಕಿಂಡಿಯೂ ಇದ್ದಿತಾದರೂ, ಈ ಬಗೆಯ ಅನೇಕ ಕ್ಯಾಮರಾಗಳಲ್ಲಿ ಅದು ಸ್ಥಿರಚಿತ್ರಗಳಿಗಷ್ಟೇ ಒದಗುವುದು.

ನಾವು ಗುಮಾಸ್ತರು, ಮೂಲಪ್ರತಿ, ನಕಲುಪ್ರತಿಗಳ ವ್ಯವಹಾರ ನಮಗೆ ತಿಳಿಯದ್ದಲ್ಲ. ಆದರೆ ಈ ಟೇಪುಗಳ ನಕಲು ವಿಚಿತ್ರವಾದದ್ದು. ಮಿನಿ ಡಿವಿ ಎಂಬ ಇವುಗಳಲ್ಲಿ ಚಿತ್ರವು ಅಂಕಿಗಳಾಗಿಯೇ ಬರೆದಿರುವುದರಿಂದ, ತಂತಿಯ ಮೂಲಕ ಇಳಿಸಿದ ನಕಲು ಮೂಲಕ್ಕೆ ಸರಿಸಮ. ಒಂದು ಗಂಟೆಯ ಟೇಪಿಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಅವಸರ ಮಾತ್ರ ಸಲ್ಲದು. ಗಂಟೆಯ ಟೇಪು ಇಳಿಯಲು ಗಂಟೆಯೇ ಹಿಡಿಯುತ್ತದೆ. ಸಾಹೇಬರ ಶಿಫಾರಸು ತಂದರೂ ಒಂದು ನಿಮಿಷ ಮುಂಚೆ ಮುಗಿಯದು. ತಪ್ಪಿ ಅಳಿಸಿಹೋಗದಂತೆ ಟೇಪಿನ ಬೆನ್ನಿನ ಚಿಕ್ಕ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ, ಕಂಪ್ಯೂಟರಿನ ಮುಂದೆ ಕುಳಿತೆವು.

ಈ ನಿಧಾನವೇ ನಮಗೆ ಲಾಭವಾಯಿತು. ಅಡಿಗೆ ಮುಗಿಸಿ ಬಂದ ಅವ್ವ ನಮ್ಮ ಪಕ್ಕದಲ್ಲಿ ಕುಳಿತರು. ಮಾವ ಹಿಡಿದದ್ದು ಬಣ್ಣದ ಬಂಡಿಯನ್ನು; ಅವ್ವ ನೋಡಿದ್ದು ಬಂಡಿಯ ಹಿಂದಿನ ಬಾಗಿಲುಗಳನ್ನು. “ನಿಂದರಸು, ನಿಂದರಸು! ಆ ಹಸರ ಬಾಗಲಾ ನೇಕಾರರ ಮನಿ. ಅದರ ಬಾಜೂಕ ಭಾವಿ. ಆ ಕಟ್ಟಿಮ್ಯಾಲೆ ಕುಂತಾಕಿ ನನ್ನ ಗೆಳತಿ” ಎಂದರು. ಇಳಿಯುತ್ತಿದ್ದ ಟೇಪನ್ನು ನಿಲ್ಲಿಸುವಂತಿರಲಿಲ್ಲ. ನಮ್ಮ ಮಗಳು ಓಡಿಹೋಗಿ ಶಾಲೆಯ ವಹಿ ತಂದು ಬರೆದುಕೊಳ್ಳತೊಡಗಿದಳು: ಇಷ್ಟನೆಯ ನಿಮಿಷ, ಇಂಥವರ ಮನೆ. ಐದು ಟೇಪು ಮುಗಿಯುವ ಹೊತ್ತಿಗೆ ನಲವತ್ತೊಂದು ಮನೆಗಳಾದವು. ಅವುಗಳಲ್ಲಿ ಬಹಳಷ್ಟು ಈಗ ನೀರಿನ ಪಾಲು. ಅವ್ವನ ಹೊರತು ಆ ಹೆಸರುಗಳನ್ನು ಹೇಳಬಲ್ಲವರು ನಮ್ಮ ಮನೆಯಲ್ಲಿ ಇನ್ನಾರೂ ಇಲ್ಲ.

ನಾಲ್ಕನೆಯ ಟೇಪಿನಲ್ಲಿ ಅಜ್ಜಿ ಬಂದರು. ಕ್ಯಾಮರಾಕ್ಕೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದವರು ತಿರುಗಿ, “ಅದನ್ನ ಬಾಜೂಕ ಇಡೊ ತಮ್ಮಾ. ಮೊದಲ ಉಣ್ಣಬಾ” ಎಂದು ಮಗನನ್ನು ಗದರಿಸಿದರು. ಅಜ್ಜಿ ತೀರಿಕೊಂಡು ಹದಿನಾಲ್ಕು ವರ್ಷಗಳಾದವು. ಅವರ ಫೋಟೋ ಗೋಡೆಯ ಮೇಲಿದೆ, ದನಿ ಇದೊಂದರಲ್ಲೇ. ಅವ್ವ ಏನೂ ಮಾತಾಡದೆ ಸೆರಗಿನಿಂದ ಮುಖ ಒರೆಸಿಕೊಂಡರು. ಮುಂಬಯಿಯಲ್ಲಿ ಹುಟ್ಟಿ, ಹಿಂದಿ ಮರಾಠಿಗಳನ್ನು ಬೆರೆಸಿ ಕನ್ನಡವಾಡುವ ನಮ್ಮ ಮಗಳು, “ಮುತ್ತಜ್ಜಿ ನಿಮ್ಮ ಹಾಂಗ ಮಾತಾಡ್ತಾರ, ಅಜ್ಜಿ” ಎಂದಳು.

ಆರನೆಯ ಟೇಪು ಇನ್ನೂ ಮುದುಕಪ್ಪನ ಬಳಿಯಿದೆ. ಬೂಷ್ಟು ತೆಗೆದರೂ ಎಷ್ಟು ಉಳಿದೀತೆಂದು ಅವನು ಮಾತು ಕೊಟ್ಟಿಲ್ಲ. ಅಜ್ಜಿಯ ಮನೆಯ ಅಟ್ಟದಿಂದ ಹಿಡಿದ ಹೊಳೆಯ ನೋಟ ಅದರಲ್ಲಿದೆಯೆಂದು ಮಾವ ಹೇಳುತ್ತಾರೆ.

ಸಂಘದ ಬಂಧುಗಳ ಮನೆಗಳಲ್ಲಿಯೂ ಇಂಥ ಟೇಪುಗಳಿರಬಹುದು. ಮದುವೆ, ಮುಂಜಿ, ಜಾತ್ರೆ ಯಾವುದಾದರೂ ಆಗಲಿ. ಟೇಪು ಕಪಾಟಿನಲ್ಲಿ ಉಳಿದೀತು. ಅದನ್ನು ಓದುವ ಯಂತ್ರ, ಯಂತ್ರವನ್ನು ರಿಪೇರಿ ಮಾಡುವ ಕೈ, ಇವು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಮುಂದಿನ ಮಳೆಗಾಲದೊಳಗೆ ಇಳಿಸಿಕೊಳ್ಳಿರಿ. ಎರಡು ನಕಲು ಮಾಡಿ, ಒಂದನ್ನು ಊರಿನ ನೆಂಟರ ಮನೆಯಲ್ಲಿಡಿರಿ. ಇಳಿಸುವ ದಿನ ಹಿರಿಯರಿಗೊಂದು ಕುರ್ಚಿ ಹಾಕಿ ಕೂರಿಸಿ, ಕೈಯಲ್ಲೊಂದು ವಹಿ ಹಿಡಿದುಕೊಳ್ಳಿರಿ.